ಗೆರೆ ಕುಣಿದರೆ ಮೊದಲು ತಂತಿ ನೋಡಿ
(ಮಡಿಕೇರಿಯಲ್ಲಿ ವಿಜ್ಞಾನ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಈ ಚಳಿಯಲ್ಲೂ ಬೆಳಿಗ್ಗೆಯೇ ಬಂದು ಕೂತಿದ್ದೀರಿ, ಖುಷಿಯಾಯಿತು.

ನಿಮ್ಮಲ್ಲಿ ಹಲವರು ಪ್ರಾಜೆಕ್ಟಿಗಾಗಿ ಸೆನ್ಸರ್ ಜೋಡಿಸಿ, ಅಳತೆಯನ್ನು ಕಂಪ್ಯೂಟರಿಗೆ ತರುತ್ತಿದ್ದೀರಿ. ಪರದೆಯ ಮೇಲೆ ಅಳತೆಯ ಗೆರೆ ನೆಟ್ಟಗೆ ಬರುವುದಿಲ್ಲ, ನಡುಗುತ್ತದೆ. ಆಗ ಹೆಚ್ಚಿನವರು ಸಾಫ್ಟ್‌ವೇರಿನಲ್ಲಿ ಒಂದು ಫಿಲ್ಟರ್ ಹಾಕಿ ನಯ ಮಾಡಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೊಳೆ ಎಲ್ಲಿ ಸೇರಿತು ಅಂತ ಮೊದಲು ಹುಡುಕಿ. ನಾನು ಇದನ್ನು ಕಲಿತದ್ದು ಸುಂಟಿಕೊಪ್ಪದ ಹತ್ತಿರ, ಒಂದು ಕಾಫಿ ತೋಟದಲ್ಲಿ.

ಕೊಯ್ಲಿನ ಸಮಯ. ಸೌದೆ ಒಲೆಯ ಡ್ರೈಯರಿನಲ್ಲಿ ಕಾಫಿ ಒಣಗುತ್ತಿತ್ತು. ಒಳಗಿನ ಬಿಸಿ ಅಳೆಯಲು ಕೆ ಟೈಪ್ ಥರ್ಮೊಕಪಲ್ ಇಟ್ಟಿದ್ದೆ. ಅದು ಎರಡು ಬೇರೆ ಲೋಹದ ಎಳೆಗಳನ್ನು ಬೆಸೆದ ಸೆನ್ಸರ್, ಬಿಸಿಗೆ ತಕ್ಕಂತೆ ಪುಟ್ಟ ವೋಲ್ಟೇಜ್ ಕೊಡುತ್ತದೆ. ಅದರ ತಂತಿ ಪಕ್ಕದ ಕೋಣೆಗೆ ಬರುತ್ತಿತ್ತು. ಅಲ್ಲಿ ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್, ಅದನ್ನು ಅಂಕಿಯಾಗಿಸಿ ಕಂಪ್ಯೂಟರಿಗೆ ಕೊಡುವ ಡಾಟಾ ಕಾರ್ಡ್, ಲ್ಯಾಪ್‌ಟಾಪ್. ಸೆಕೆಂಡಿಗೆ 10 ಸ್ಯಾಂಪಲ್, ಅಂದರೆ 10 ಸಲ ಅಳತೆ. ಗೆರೆ ಸುಮಾರು 20 ಸೆಕೆಂಡಿಗೊಮ್ಮೆ ಎರಡು ಮೂರು ಡಿಗ್ರಿ ಏರಿ ಇಳಿಯುತ್ತಿತ್ತು. ಚೆಂದದ ಅಲೆ. ಬ್ಲೋವರಿನ ಗಾಳಿ ಹೀಗೆ ಅಲೆಯಾಗಿ ಬರುತ್ತಿದೆ ಅಂದುಕೊಂಡೆ. ಸಂಜೆ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿತ್ತು. ಬ್ಲೋವರ್ ನಿಂತಿತು, ಅಲೆಯೂ ನಿಂತಿತು. ನನ್ನ ಊಹೆ ಇನ್ನೂ ಗಟ್ಟಿಯಾಯಿತು.

ತೋಟದ ಎಲೆಕ್ಟ್ರಿಷಿಯನ್ ಬಂದು ನೋಡಿದರು. "ಸಾರ್, ಈ ತಂತಿಯನ್ನು ಬ್ಲೋವರ್ ಮೋಟಾರಿನ ಕೇಬಲ್ ಜೊತೆಗೇ ಕಟ್ಟಿದ್ದೀರಲ್ಲಾ" ಅಂದರು. ನನಗೆ ಅದು ಹೊಳೆದೇ ಇರಲಿಲ್ಲ.

ಕರೆಂಟ್ ಬಂದ ಮೇಲೆ ಇಬ್ಬರೂ ಕೂತು ಪರೀಕ್ಷೆ ಮಾಡಿದೆವು. ಮೊದಲು ಕಾರ್ಡ್ ಕಡೆಯ ಆಂಪ್ಲಿಫೈಯರಿನಲ್ಲಿ ಥರ್ಮೊಕಪಲ್ ತಂತಿ ಬಿಚ್ಚಿ, ಆ ಎರಡು ಪಿನ್‌ಗಳನ್ನು ಒಂದು ತುಂಡು ವೈರಿನಿಂದ ಶಾರ್ಟ್ ಮಾಡಿದೆವು. ಗೆರೆ ನೆಟ್ಟಗಾಯಿತು. ಅಂದರೆ ಕಾರ್ಡ್ ಚೆನ್ನಾಗಿದೆ. ಮತ್ತೆ ತಂತಿ ಜೋಡಿಸಿ, ಡ್ರೈಯರ್ ಕಡೆಯ ತುದಿಯಲ್ಲಿ ಥರ್ಮೊಕಪಲ್ ಬಿಚ್ಚಿ ಶಾರ್ಟ್ ಮಾಡಿದೆವು. ಅಲೆ ವಾಪಸ್ ಬಂತು! ಅಲ್ಲಿ ಡ್ರೈಯರಿನ ಗಾಳಿ ಮುಟ್ಟುವುದೇ ಇಲ್ಲ, ಆದರೂ ಅಲೆ ಇದೆ. ತಪ್ಪು ನಡುವಿನ ತಂತಿಯಲ್ಲಿ.

ಈಗ ಆ 20 ಸೆಕೆಂಡ್ ಎಲ್ಲಿಂದ ಬಂತು ನೋಡಿ. ಕೆ ಟೈಪ್ ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್. ಒಂದು ಟಾರ್ಚ್ ಸೆಲ್ಲಿನ 1.5 ವೋಲ್ಟ್ ಅದರ 36 ಸಾವಿರ ಪಟ್ಟಿಗಿಂತ ಜಾಸ್ತಿ. ಇಷ್ಟು ಸಣ್ಣ ಸಿಗ್ನಲ್ಲಿಗೆ ಮೋಟಾರ್ ಕೇಬಲ್ಲಿನಿಂದ 100 ಮೈಕ್ರೋವೋಲ್ಟ್ ಸೇರಿದರೂ ಎರಡೂವರೆ ಡಿಗ್ರಿ ತಪ್ಪು. ನಮ್ಮ ಕರೆಂಟಿನ ಆವರ್ತನ 50 ಹರ್ಟ್ಸ್ ಅನ್ನುತ್ತೇವೆ, ಆದರೆ ಅದು ಸದಾ ಸ್ವಲ್ಪ ಆಚೀಚೆ ಆಗುತ್ತಿರುತ್ತದೆ. 49.95 ಇತ್ತು ಅನ್ನಿ. ಸೆಕೆಂಡಿಗೆ 10 ಸಲ ನೋಡಿದರೆ ಸುಮಾರು ಐದು ಸುತ್ತಿಗೊಮ್ಮೆ ನೋಡಿದಂತೆ. ಪ್ರತಿ ಸಲವೂ ಒಂಚೂರು ಹಿಂದೆ ಸಿಗುತ್ತದೆ. ಆ ಚುಕ್ಕೆಗಳನ್ನು ಜೋಡಿಸಿದರೆ 0.05 ಹರ್ಟ್ಸ್, ಅಂದರೆ 20 ಸೆಕೆಂಡಿನ ಸುಳ್ಳು ಅಲೆ. ಇದಕ್ಕೆ ಅಲಿಯಾಸಿಂಗ್ ಅನ್ನುತ್ತಾರೆ.

ಚಂದ್ರನನ್ನು ನೆನಪಿಸಿಕೊಳ್ಳಿ. ರಾತ್ರಿಯಿಡೀ ಅವನು ಪಡುವಣಕ್ಕೆ ಸಾಗುತ್ತಾನೆ. ದಿನಾ ರಾತ್ರಿ 8 ಗಂಟೆಗೆ ಮಾತ್ರ ನೋಡುವವರಿಗೆ ಅವನು ನಿಧಾನವಾಗಿ ಮೂಡಣಕ್ಕೆ ಸರಿದಂತೆ ಕಾಣುತ್ತಾನೆ, ಅಲ್ವಾ?

ಸ್ಯಾಂಪಲ್ ಆದ ಮೇಲೆ ಸುಳ್ಳು ಅಲೆಗೂ ನಿಜವಾದ ಅಲೆಗೂ ಯಾವ ಫಿಲ್ಟರ್ರೂ ವ್ಯತ್ಯಾಸ ಹೇಳಲಾರದು. ಆದರೆ ನೀವು ಕಂಡುಹಿಡಿಯಬಹುದು. ಸ್ಯಾಂಪಲ್ ವೇಗ ಬದಲಿಸಿ. ಸೆಕೆಂಡಿಗೆ 12 ಮಾಡಿದಾಗ ನಮ್ಮ ಅಲೆ ಸೆಕೆಂಡಿಗೆ ಸುಮಾರು ಎರಡು ಸಲ ಕುಣಿಯಿತು. ನಿಮ್ಮ ಸೆಟ್ಟಿಂಗ್ ನೋಡಿ ಡ್ರೈಯರಿನ ಗಾಳಿ ವೇಗ ಬದಲಿಸುತ್ತದೆಯೇ?

ಆಮೇಲೆ ತಂತಿಯನ್ನು ಕೇಬಲ್ಲಿನಿಂದ ದೂರ ಎಳೆದೆವು. ಎರಡೆಳೆಯನ್ನೂ ಒಂದಕ್ಕೊಂದು ಹೊಸೆದೆವು. ಸೆಕೆಂಡಿಗೆ 1000 ಸ್ಯಾಂಪಲ್ ತೆಗೆದು, 20-20ರ ಸರಾಸರಿ ಹಿಡಿದೆ. 20 ಮಿಲಿಸೆಕೆಂಡ್ ಅಂದರೆ ಕರೆಂಟಿನ ಒಂದು ಪೂರ್ತಿ ಸುತ್ತು, ಮೇಲಿನ ಅರ್ಧ ಕೆಳಗಿನ ಅರ್ಧವನ್ನು ಅಳಿಸುತ್ತದೆ. ಅಲೆ ಹೋಯಿತು. ಒಲೆಗೆ ಸೌದೆ ಹಾಕಿದಾಗಿನ ನಿಜವಾದ ಏರಿಳಿತ ಮೊದಲ ಸಲ ಕಂಡಿತು. ಆ ಖುಷಿ ಇವತ್ತಿಗೂ ಮರೆತಿಲ್ಲ.

ಬೇರೆ ಕೆಲವು ತೊಂದರೆಗಳು ಬೇಗ ಸಿಗುತ್ತವೆ. ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾದರೆ ಸಿಗ್ನಲ್ ಕಾರ್ಡಿನ ರೇಂಜ್ ಮೀರಿದೆ, ಗೇನ್ ಅಂದರೆ ಆಂಪ್ಲಿಫೈಯರ್ ಹಿಗ್ಗಿಸುವ ಪ್ರಮಾಣ ಇಳಿಸಿ. ಕಾರ್ಡಿನಲ್ಲಿ ಸಿಗ್ನಲ್ ಒಳಬರುವ ಒಂದೊಂದು ದಾರಿಗೂ ಚಾನಲ್ ಅನ್ನುತ್ತೇವೆ. ಒಂದನೇ ಚಾನಲ್ಲಿನ ನೆರಳು ಎರಡನೆಯದರಲ್ಲಿ ಕಂಡರೆ, ಎರಡನೆಯದಕ್ಕೆ ಏನೂ ಜೋಡಿಸದೆ ಸುಮ್ನೆ ಬಿಟ್ಟಿದ್ದೀರಾ ನೋಡಿ. ವೋಲ್ಟೇಜನ್ನು ಅಂಕಿಯಾಗಿಸುವ ಒಂದೇ ಎಡಿಸಿ ಸರದಿಯಲ್ಲಿ ಎಲ್ಲ ಚಾನಲ್ ಓದುತ್ತದೆ, ಹಿಂದಿನ ಚಾರ್ಜ್ ಉಳಿದಿರುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಾಗ ಗಲಾಟೆ ನಿಂತರೆ ಅರ್ತ್ ಕಡೆ ಅನುಮಾನ ಪಡಿ.

ನಿಮ್ಮಲ್ಲಿ ಮೂವರು ಮಳೆ ಅಳೆಯುವ ಪ್ರಾಜೆಕ್ಟ್ ಮಾಡುತ್ತಿದ್ದೀರಿ ಅಂತ ಕೇಳಿದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದ ಜಿಲ್ಲೆ ನಮ್ಮದು. ಇಲ್ಲಿ ಮಳೆಯ ಲೆಕ್ಕ ತಪ್ಪಬಾರದು. ನಿಮ್ಮ ಮಾಪಕದ ಪುಟ್ಟ ಬಕೆಟ್ 0.2 ಮಿಲಿಮೀಟರಿಗೊಮ್ಮೆ ಮಗುಚಿ ಒಂದು ಸ್ವಿಚ್ ಮುಚ್ಚುತ್ತದೆ. ಸ್ವಿಚ್ ಮುಚ್ಚುವಾಗ ಒಂದು ಕ್ಷಣ ಅದುರುತ್ತದೆ, ಕಂಪ್ಯೂಟರ್ ಒಂದನ್ನು ಎರಡು ಮೂರು ಅಂತ ಎಣಿಸುತ್ತದೆ. ಬಾಯಿ 200 ಮಿಲಿಮೀಟರ್ ಅಗಲವಿದ್ದರೆ ಒಂದು ಮಗುಚಿಗೆ ಬೇಕಾದ ನೀರು 6.28 ಮಿಲಿಲೀಟರ್. 628 ಮಿಲಿಲೀಟರ್ ಅಳೆದು, ಹನಿ ಹನಿಯಾಗಿ ಹುಯ್ಯಿರಿ. ಎಣಿಕೆ 100ರ ಹತ್ತಿರ ಬರಬೇಕು. 130 ಬಂದರೆ ಸ್ವಿಚ್ ಅದುರುತ್ತಿದೆ, ಮೊದಲ ಪಲ್ಸಿನ ನಂತರ ಕೆಲವು ಮಿಲಿಸೆಕೆಂಡ್ ಎಣಿಸದಂತೆ ಪ್ರೋಗ್ರಾಮಿನಲ್ಲಿ ಬರೆಯಿರಿ.

ಮಾಪಕ ತಂದಿದ್ದೀರಲ್ಲಾ? ಹಿಂದಿನ ಮೇಜಿನ ಮೇಲೆ ಅಳತೆಯ ಜಾಡಿ, ನೀರು ಎರಡೂ ಇವೆ. ಬನ್ನಿ, ಈಗಲೇ ಹುಯ್ದು ನೋಡೋಣ.