ಗುಂಡಿ ಯಾರ ಕೈಯಲ್ಲಿದೆ?

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಪೊಲೀಸರ ಕ್ಯಾಮೆರಾ ಬಗ್ಗೆ.

ನಾನೊಮ್ಮೆ ಪಂಚ ಆಗಿದ್ದೆ, ಅಂದರೆ ಪೊಲೀಸರು ಮಾಲು ಜಪ್ತಿ ಮಾಡುವಾಗ ಸಹಿ ಹಾಕುವ ಸಾಕ್ಷಿ. ನಮ್ಮೂರು ಜಮಖಂಡಿ ಕಡೆ. ಕೃಷ್ಣಾ ನದಿ ದಂಡೆಯ ಪಂಪ್‌ಸೆಟ್‌ಗಳ ಕೇಬಲ್ ಕಳುವಾಗೋದು ನಮ್ಮಲ್ಲಿ ಹೊಸದಲ್ಲ. ಹೀಗೇ ಒಂದು ರಾತ್ರಿ ಐದಾರು ರೈತರ ಕೇಬಲ್ ಕತ್ತರಿಸಿಕೊಂಡು ಹೋದರು. ವಾರ ಕಳೆದಿತ್ತು. ನಾನು ಚಹಾದಂಗಡಿಯಲ್ಲಿ ಕೂತಿದ್ದಾಗ ಜೀಪು ಬಂದು ನಿಂತಿತು.

"ಮಾಸ್ತರ, ಐದ ನಿಮಿಷ ಬರ್ರಿ. ಒಂದ್ ಸಹಿ ಬೇಕಾಗೈತಿ" ಅಂದರು ಹವಾಲ್ದಾರರು. ಚಹಾದಂಗಡಿಯವನನ್ನೂ ಕರೆದರು.

ಜೀಪಿನ ಬಾನೆಟ್ ಮೇಲೆ ಮೂರು ಹಾಳೆ. ಎರಡು ತುಂಬಿದ್ದವು, ಒಂದು ಖಾಲಿ. ಹಿಂದಿನ ಸೀಟಿನಲ್ಲಿ ಒಂದು ಗೊಬ್ಬರದ ಚೀಲ. ಅದರಲ್ಲಿ ತಾಮ್ರದ ತಂತಿ ಇದೆ ಅಂದರು. ಅವರು ಚೀಲದ ಬಾಯಿ ಬಿಚ್ಚಲಿಲ್ಲ, ನಾನೂ ಕೇಳಲಿಲ್ಲ. ಮೂರೂ ಹಾಳೆಗೆ ಸಹಿ ಹಾಕಿ ಬಂದು ಆರಿದ ಚಹಾ ಕುಡಿದೆ.

ಮೂರು ವರ್ಷದ ಮೇಲೆ ಕೋರ್ಟಿನಿಂದ ಸಮನ್ಸ್ ಬಂತು. ಆರೋಪಿ ಪರ ವಕೀಲರು ಜಾಸ್ತಿ ಏನೂ ಕೇಳಲಿಲ್ಲ. "ಚೀಲದ ಬಣ್ಣ ಯಾವುದು?" ಅಂದರು. ನಾನು ಬಿಳಿ ಅಂದೆ. ಚಹಾದಂಗಡಿಯವನು ಹಳದಿ ಅಂದ. ಚೀಲವನ್ನು ಹೊಲದ ಬದುವಿನಿಂದ ನಮ್ಮ ಕಣ್ಣೆದುರೇ ತೆಗೆದರು ಅಂತ ಪಂಚನಾಮೆಯಲ್ಲಿ ಬರೆದಿತ್ತು! ಕೇಸು ಬಿದ್ದುಹೋಯಿತು. ಕದ್ದವನು ಆ ಆರೋಪಿಯೇ ಆಗಿದ್ದರೆ ನನ್ನಿಂದ ಪಾರಾದ. ಅಲ್ಲದಿದ್ದರೆ ನನ್ನ ಸಹಿಯಿಂದ ಅವನಿಗೆ ಮೂರು ವರ್ಷ ಕೋರ್ಟಿನ ಅಲೆದಾಟ. ಓದದೆ ಸಹಿ ಹಾಕಬೇಡಿ ಅಂತ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮಾಸ್ತರನ ಕತೆ ಇದು.

ಈಗ ಕಾನೂನು ಬದಲಾಗಿದೆ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅದರ 105ನೇ ಕಲಂ ಓದಿದಾಗ ನನಗೆ ಆ ಬಾನೆಟ್ ನೆನಪಾಯಿತು. ಶೋಧ ಮಾಡೋದು, ಮಾಲು ಜಪ್ತಿ ಮಾಡೋದು, ಅದರ ಪಟ್ಟಿ ಬರೆಯೋದು, ಪಂಚರು ಆ ಪಟ್ಟಿಗೆ ಸಹಿ ಹಾಕೋದು, ಇಷ್ಟನ್ನೂ ದನಿ ಸಮೇತ ವಿಡಿಯೊ ಮಾಡಬೇಕು. ಮೊಬೈಲಿನಲ್ಲೇ ಮಾಡಬಹುದು. ಆ ವಿಡಿಯೊವನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಖಾಲಿ ಹಾಳೆಗೆ ಸಹಿ ಹಾಕಿಸಿದರೆ ಅದೂ ವಿಡಿಯೊದಲ್ಲಿ ಬರುತ್ತದೆ, ಅಲ್ವಾ?

ಇನ್ನೊಂದು ಕ್ಯಾಮೆರಾ ಪೊಲೀಸರ ಎದೆಯ ಮೇಲೆ ಕೂತಿದೆ. ಬಾಡಿ ಕ್ಯಾಮೆರಾ. ಬೆಂಗಳೂರಿನ ಟ್ರಾಫಿಕ್ ಪೊಲೀಸರ ಮೇಲೆ ನೀವು ನೋಡಿರಬಹುದು. ಇಂಥ ಹಲವು ಕ್ಯಾಮೆರಾಗಳಲ್ಲಿ ಒಂದು ಚಮತ್ಕಾರ ಇದೆ. ಗುಂಡಿ ಒತ್ತುವ ಮುಂಚೆಯೂ ಅದು ಸುಮ್ನೆ ಕೂತಿರೋದಿಲ್ಲ. ಕಂಡದ್ದನ್ನು ಸೆರೆಹಿಡಿಯುತ್ತಾ, ಅಳಿಸುತ್ತಾ ಇರುತ್ತದೆ. ಗುಂಡಿ ಒತ್ತಿದ ಕೂಡಲೇ ಹಿಂದಿನ ಸುಮಾರು 30 ಸೆಕೆಂಡಿನ ಚಿತ್ರವನ್ನೂ ಸೇರಿಸಿ ಉಳಿಸಿಕೊಳ್ಳುತ್ತದೆ. ದನಿ ಇರೋದಿಲ್ಲ, ಚಿತ್ರ ಮಾತ್ರ.

2017ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಇದನ್ನು ಮರೆತ. ಒಂದು ಹಿತ್ತಲಿನ ಕಸದಲ್ಲಿ ಮಾದಕ ವಸ್ತುವಿನ ಪೊಟ್ಟಣ ಇಟ್ಟ. ಬೀದಿಗೆ ಬಂದು ಗುಂಡಿ ಒತ್ತಿದ. ವಾಪಸ್ ಹೋಗಿ ಹುಡುಕುವ ನಾಟಕ ಮಾಡಿ ಅದನ್ನೇ ಎತ್ತಿ ತೋರಿಸಿದ. ಇಟ್ಟದ್ದೂ ವಿಡಿಯೊದಲ್ಲಿ ಬಂದಿತ್ತು. ಸಾಕ್ಷ್ಯ ಸೃಷ್ಟಿಸಿದ ತಪ್ಪಿಗೆ ಅವನಿಗೇ ಶಿಕ್ಷೆಯಾಯಿತು. ನಗು ಬರುತ್ತದೆ. ಆದರೆ ಅವನು ಇನ್ನೊಂದು ನಿಮಿಷ ತಡೆದು ಗುಂಡಿ ಒತ್ತಿದ್ದರೆ? ಅದೇ ಕ್ಯಾಮೆರಾ ಅವನ ಪರ ಸಾಕ್ಷಿ ಹೇಳುತ್ತಿತ್ತು.

ಗುಂಡಿ ಯಾರ ಕೈಯಲ್ಲಿದೆ ಅನ್ನೋ ಈ ಮಾತು ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು. ಕಬ್ಬಿನ ಹಂಗಾಮು ಬಂದರೆ ಸಾಕು, ತೂಕದ ಜಗಳ ಶುರು. ಕಾಟಾ ಕಾರ್ಖಾನೆಯದು, ಕಂಪ್ಯೂಟರ್ ಕಾರ್ಖಾನೆಯದು, ಚೀಟಿ ಕೊಡೋರೂ ಅವರೇ. ತೂಕ ಸರಿಯಾಗಿಯೇ ಇರಬಹುದು. ಆದರೂ ರೈತನ ಮನಸ್ಸು ಒಪ್ಪೋದಿಲ್ಲ. ಅದಕ್ಕೇ ಟ್ರ್ಯಾಕ್ಟರನ್ನು ಮೊದಲು ಹೊರಗಿನ ಕಾಟಾದಲ್ಲಿ ಏರಿಸಿ, ಆ ಚೀಟಿ ಜೇಬಿನಲ್ಲಿಟ್ಟುಕೊಂಡು ಒಳಗೆ ಹೋಗುತ್ತೇವೆ. ಪೊಲೀಸ್ ವಿಡಿಯೊಕ್ಕೆ ಹೊರಗಿನ ಕಾಟಾ ಎಲ್ಲಿದೆ?

ತಮಿಳುನಾಡಿನ ಸಾತಾನ್‌ಕುಳಂ ಠಾಣೆ ನೆನಪಿರಬಹುದು. 2020ರ ಜೂನ್, ಲಾಕ್‌ಡೌನ್ ಸಮಯ. ಮೊಬೈಲ್ ಅಂಗಡಿ ನಡೆಸುತ್ತಿದ್ದ ಜಯರಾಜ್ ಮತ್ತು ಮಗ ಬೆನಿಕ್ಸ್ ಅವರನ್ನು ಠಾಣೆಗೆ ಒಯ್ದರು. ಕೆಲವೇ ದಿನಗಳಲ್ಲಿ ಇಬ್ಬರೂ ತೀರಿಕೊಂಡರು. ಆ ಠಾಣೆಯಲ್ಲಿ ಸಿಸಿಟಿವಿ ಇತ್ತು. ಹಾರ್ಡ್ ಡಿಸ್ಕಿನಲ್ಲಿ ಜಾಗವೂ ಬೇಕಾದಷ್ಟಿತ್ತು. ಆದರೆ ದಿನದ ವಿಡಿಯೊ ದಿನವೇ ಅಳಿಸಿಹೋಗುವಂತೆ ಸೆಟ್ಟಿಂಗ್ ಮಾಡಿಟ್ಟಿದ್ದರು ಅಂತ ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟರು ವರದಿ ಕೊಟ್ಟರು. ರಾತ್ರಿಯಿಡೀ ಹೊಡೆದರು ಅಂತ ಬಾಯಿಬಿಟ್ಟು ಹೇಳಿದ್ದು ಅದೇ ಠಾಣೆಯ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್. ಜೊತೆಗೆ ಕೆಲಸ ಮಾಡೋರ ವಿರುದ್ಧ, ಅವರ ನಡುವೆಯೇ ನಿಂತು ಹಾಗೆ ಹೇಳೋಕೆ ಗುಂಡಿಗೆ ಬೇಕು.

ಅದೇ ವರ್ಷ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟು, ದೇಶದ ಎಲ್ಲ ಠಾಣೆಗಳಲ್ಲೂ ಸಿಸಿಟಿವಿ ಇರಬೇಕು ಅಂತ ಆದೇಶ ಕೊಟ್ಟಿತು. ಪರಮವೀರ್ ಸಿಂಗ್ ಸೈನಿ ಪ್ರಕರಣ ಅದು. ಬಾಗಿಲು, ಲಾಕಪ್, ಪಡಸಾಲೆ, ಇನ್ಸ್‌ಪೆಕ್ಟರ್ ಕೋಣೆ, ಎಲ್ಲ ಕಡೆ ಕ್ಯಾಮೆರಾ. ದನಿಯೂ ಬರಬೇಕು, ರಾತ್ರಿಯೂ ಕಾಣಬೇಕು. ವಿಡಿಯೊವನ್ನು 18 ತಿಂಗಳು ಇಡಬೇಕು, ಯಾವ ಲೆಕ್ಕದಲ್ಲೂ ಒಂದು ವರ್ಷಕ್ಕಿಂತ ಕಡಿಮೆ ಆಗಬಾರದು. ಠಾಣೆಯಲ್ಲಿ ಯಾರಿಗಾದರೂ ಹೊಡೆತ ಬಿದ್ದರೆ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಬಹುದು, ಆಯೋಗ ಆ ವಿಡಿಯೊ ತರಿಸಿಕೊಳ್ಳಬಹುದು. ಈ ಹಕ್ಕಿನ ವಿಷಯವನ್ನು ಠಾಣೆಯ ಬಾಗಿಲಲ್ಲೇ, ಆಯಾ ಊರಿನ ಭಾಷೆಯಲ್ಲೂ ಫಲಕ ಬರೆದು ಹಾಕಬೇಕು ಅಂದಿದೆ ಕೋರ್ಟು. ನನ್ನ ಕಣ್ಣಿಗೆ ನಮ್ಮ ಹೊರಗಿನ ಕಾಟಾ ಅಂದರೆ ಇದೇ.

ವಿಡಿಯೊ ತಿದ್ದಿದರೆ? ಅದಕ್ಕೂ ಒಂದು ದಾರಿ ಇದೆ. ಹೊಸ ಸಾಕ್ಷ್ಯ ಕಾಯಿದೆಯ 63ನೇ ಕಲಂ ಪ್ರಕಾರ ವಿಡಿಯೊ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಹ್ಯಾಶ್ ಅನ್ನೋ ಉದ್ದನೆಯ ಸಂಖ್ಯೆ ಇರುತ್ತದೆ. ಆಮೇಲೆ ವಿಡಿಯೊದಲ್ಲಿ ಒಂದು ಚುಕ್ಕಿ ಬದಲಾದರೂ ಆ ಸಂಖ್ಯೆ ಹೊಂದೋದಿಲ್ಲ. ಜಪ್ತಿ ಮಾಡಿದ ಚೀಲದ ಬಾಯಿಗೆ ಅರಗಿನ ಸೀಲು ಹಾಕುತ್ತಾರಲ್ಲ, ಹಾಗೆ. ನಮ್ಮ ಚೀಲಕ್ಕೆ ಅದೂ ಇರಲಿಲ್ಲ ಬಿಡಿ.

ಕ್ಯಾಮೆರಾ ಕಟ್ಟಿದ ಮಾತ್ರಕ್ಕೆ ಲಾಠಿ ತಣ್ಣಗಾಗುತ್ತದಾ? ಕ್ಯಾಲಿಫೋರ್ನಿಯಾದ ರಿಯಾಲ್ಟೊ ಅನ್ನೋ ಸಣ್ಣ ಊರಲ್ಲಿ 2012ರಿಂದ ಒಂದು ವರ್ಷ 54 ಪೊಲೀಸರ ಮೇಲೆ ಬಾಡಿ ಕ್ಯಾಮೆರಾದ ಪರೀಕ್ಷೆ ಮಾಡಿದಾಗ ದೂರುಗಳು ಭಾರಿ ಇಳಿದವು. ವಾಷಿಂಗ್ಟನ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪೊಲೀಸರ ಮೇಲೆ ನಡೆದ, 2017ರಲ್ಲಿ ಹೊರಬಂದ ಪರೀಕ್ಷೆ ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ! ನನಗೇನೋ ಇದು ಆಶ್ಚರ್ಯ ಅನ್ನಿಸಲಿಲ್ಲ. ತೆಗೆದ ವಿಡಿಯೊವನ್ನು ಮೇಲಿನವರು ಯಾರೂ ನೋಡದಿದ್ದರೆ, ಅದು ಅಂಗಿ ಮೇಲಿನ ಇನ್ನೊಂದು ಬಿಲ್ಲೆ ಅಷ್ಟೇ.

ಪೇದೆಗಳ ಕಷ್ಟವೂ ಇದೆ. ಜಾತ್ರೆ ಬಂದೋಬಸ್ತಿನಲ್ಲಿ ಹಗಲು ರಾತ್ರಿ ನಿಂತವರ ಮೇಲೆ ಕುಡಿದು ಕೈ ಮಾಡುವವರಿದ್ದಾರೆ, ಮರುದಿನ ಪೊಲೀಸರೇ ಹೊಡೆದರು ಅಂತ ದೂರು ಕೊಡುವವರೂ ಇದ್ದಾರೆ. ನಮ್ಮ ಓಣಿಯ ಒಬ್ಬ ಹುಡುಗ ಪೇದೆ. ಅವನೇ ಹೇಳಿದ: "ಕ್ಯಾಮೆರಾ ಇದ್ರ ನಮಗೂ ಚಲೋರಿ ಸರ್. ಬೈಯೋ ಮುಂದ ಮಂದಿನೂ ಸ್ವಲ್ಪ ಯೋಚನಿ ಮಾಡ್ತಾರ, ನಾವೂ ಮಾಡ್ತೀವಿ."

ಈ ಭಾಷಣ ಬರೆಯೋಕೆ ಕೂತಾಗ ಆ ಫಲಕ ಒಮ್ಮೆ ನೋಡಿ ಬರೋಣ ಅನ್ನಿಸಿತು. ಒಂದು ಠಾಣೆಗೆ ಹೋದೆ. ಫಲಕ ಇತ್ತು. ಅದರ ಮುಂದೆ ಜಪ್ತಿ ಮಾಡಿದ ಬೈಕುಗಳ ಸಾಲು. ಹ್ಯಾಂಡಲ್‌ಗಳ ಸಂದಿಯಲ್ಲಿ ಬಗ್ಗಿ ಓದುತ್ತಿದ್ದೆ. ಒಳಗಿಂದ ಒಬ್ಬ ಮಹಿಳಾ ಪೇದೆ ಬಂದಳು.

"ಏನ್ ಬೇಕಾಗಿತ್ರೀ ಅಜ್ಜಾರ?"

"ಏನಿಲ್ಲವ್ವಾ. ಇದನ್ನ ಓದಾಕತ್ತೀನಿ."

ಅವಳೂ ಒಮ್ಮೆ ಬಗ್ಗಿ ನೋಡಿದಳು. ಆಮೇಲೆ ಸ್ಟ್ಯಾಂಡ್ ತೆಗೆದು, ಒಂದು ಬೈಕನ್ನು ಪಕ್ಕಕ್ಕೆ ಸರಿಸಿದಳು.

ನಮಸ್ಕಾರ.