ಸಂಡೂರಿನ ಏರಿನಲ್ಲಿ ಯಾವ ಗೇರ್, ಎಷ್ಟು ಆರ್‌ಪಿಎಂ?

ನಮಸ್ಕಾರ. ಬಳ್ಳಾರಿಯಿಂದ ತೋರಣಗಲ್ಲು ದಾಟಿ ಸಂಡೂರಿನ ಕಡೆಗೆ ಹೊರಟಿರುವ ಈ ಸವಾರಿಯಲ್ಲಿ ಊರು ತೋರಿಸುವುದಕ್ಕಿಂತ ಹೆಚ್ಚಾಗಿ ಒಂದೇ ವಿಷಯವನ್ನು ಮಾತನಾಡಲಿದ್ದೇನೆ: ಬೈಕನ್ನು ಯಾವಾಗ ಯಾವ ಗೇರಿನಲ್ಲಿ ಓಡಿಸಬೇಕು ಮತ್ತು ಆಗ ಎಂಜಿನ್ ಎಷ್ಟು ವೇಗದಲ್ಲಿ, ಅಂದರೆ ಎಷ್ಟು ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಷ್ಟು ಸುತ್ತು) ತಿರುಗುತ್ತಿರಬೇಕು. ನಮ್ಮ ಕಡೆ ಹುಡುಗರಿಗೆ ಬೈಕ್ ಕಲಿಸುವವರು ಹೆಚ್ಚಾಗಿ ಅಣ್ಣನೋ ಮಾವನೋ ಆಗಿರುತ್ತಾರೆ. ಅವರು ಹೇಳಿಕೊಡುವ ಮೊದಲ ಪಾಠವೇ “ಲಗೂನ ಟಾಪ್ ಗೇರಿಗೆ ಹಾಕು, ಪೆಟ್ರೋಲ್ ಉಳಿತೈತಿ” ಎಂಬುದು. ಸಪಾಟಾದ ರಸ್ತೆಯಲ್ಲಿ ಆ ಮಾತು ನಿಜ. ಆದರೆ ಏರಿನಲ್ಲಿ, ಎದುರುಗಾಳಿಯಲ್ಲಿ, ಹಿಂದೆ ಅಕ್ಕಿ ಚೀಲ ಕಟ್ಟಿಕೊಂಡು ಹೋಗುವಾಗ ಅದೇ ಮಾತನ್ನು ನಂಬಿದರೆ ಎಂಜಿನ್ ಬೇಗ ಸವೆಯುತ್ತದೆ.

ನಾನು ಓಡಿಸುತ್ತಿರುವುದು ನಾಲ್ಕು ಗೇರಿನ ಸ್ಪ್ಲೆಂಡರ್ ಪ್ಲಸ್. ಅದರ 97.2 ಸಿಸಿ ಎಂಜಿನ್ ತನ್ನ ಗರಿಷ್ಠ ಟಾರ್ಕ್, ಅಂದರೆ 8.05 ನ್ಯೂಟನ್ ಮೀಟರ್ ಎಳೆಯುವ ಬಲವನ್ನು ಕೊಡುವುದು 6000 ಆರ್‌ಪಿಎಂ ಹತ್ತಿರ. ಗರಿಷ್ಠ ಶಕ್ತಿ ದೊರೆಯುವುದು 8000ದ ಹತ್ತಿರ. ಮುಂದೆ ಹೋಗುತ್ತಿರುವ ಗೆಳೆಯನದು ಕ್ಲಾಸಿಕ್ 350. ಅದಕ್ಕೆ 4000 ಆರ್‌ಪಿಎಂನಲ್ಲೇ 27 ನ್ಯೂಟನ್ ಮೀಟರ್ ಸಿಗುತ್ತದೆ, ಜೊತೆಗೆ ಎಂಜಿನ್ನಿನ ತಿರುಗುವಿಕೆಯನ್ನು ಒಂದೇ ಸಮ ಇಡುವ ಫ್ಲೈವೀಲ್ ಎಂಬ ಚಕ್ರ ಭಾರವಾಗಿರುವುದರಿಂದ ಎಂಜಿನ್ ನಿಧಾನವಾಗಿ ತಿರುಗುತ್ತಿದ್ದರೂ ಎಳೆತ ಸಲೀಸಾಗಿರುತ್ತದೆ. ಹೀಗಾಗಿ ಅವನು ನಾಲ್ಕನೇ ಗೇರಿನಲ್ಲಿ ನಿರಾಯಾಸವಾಗಿ ಹತ್ತುವ ದಿಬ್ಬವನ್ನು ನಾನೂ ನಾಲ್ಕರಲ್ಲೇ ಹತ್ತುತ್ತೇನೆಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಇನ್ನೊಬ್ಬರ ಗಾಡಿಯ ಗೇರ್ ನೋಡಿ ನಮ್ಮ ಗೇರ್ ಹಾಕಬಾರದು.

ನನ್ನ ಗಾಡಿಯಲ್ಲಿ ಆರ್‌ಪಿಎಂ ಮೀಟರ್ ಇಲ್ಲ. ಈ ವರ್ಗದ ಬಹುಪಾಲು ಬೈಕುಗಳಲ್ಲಿ ಇರುವುದಿಲ್ಲ. ಅದರ ಬದಲಿಗೆ ನಾನು ನಂಬುವುದು ಬಲಗೈಯನ್ನು. ಹೋಗುತ್ತಿರುವ ಗೇರಿನಲ್ಲಿ ಎಕ್ಸಲೇಟರನ್ನು ಇನ್ನೊಂದು ಸ್ವಲ್ಪ ತಿರುವಿದಾಗ ಗಾಡಿ ಒಡನೆ ಮುನ್ನುಗ್ಗಿದರೆ ಗೇರ್ ಸರಿಯಾಗಿದೆ. ತಿರುವಿದರೂ ಸದ್ದು ದಪ್ಪವಾಗುವುದೇ ಹೊರತು ವೇಗ ಏರದಿದ್ದರೆ ಒಂದು ಗೇರ್ ಇಳಿಸಲೇಬೇಕು. ಸ್ಪೀಡೋಮೀಟರಿನ ಲೆಕ್ಕವನ್ನೂ ಹೇಳಬಹುದು: ಒಬ್ಬರೇ ಸವಾರರಿದ್ದು ರಸ್ತೆ ಸಮವಾಗಿದ್ದರೆ ಇಂಥ ಗಾಡಿಯಲ್ಲಿ ಸುಮಾರು 15 ಕಿಲೋಮೀಟರ್ ವೇಗಕ್ಕೆ ಎರಡನೆಯದು, 25–30ಕ್ಕೆ ಮೂರನೆಯದು, 40 ದಾಟಿದ ಮೇಲೆ ಟಾಪ್. ಆದರೆ ಈ ಅಂಕಿಗಳು ಬಳ್ಳಾರಿ ಪೇಟೆಯೊಳಗೆ ಉಪಯೋಗಕ್ಕೆ ಬಂದಷ್ಟು ಮುಂದೆ ಕಾಣುತ್ತಿರುವ ಗುಡ್ಡದಲ್ಲಿ ಬರುವುದಿಲ್ಲ, ಏಕೆಂದರೆ ಗೇರನ್ನು ನಿರ್ಧರಿಸುವುದು ವೇಗಕ್ಕಿಂತ ಹೆಚ್ಚಾಗಿ ಎಂಜಿನ್ ಮೇಲೆ ಬಿದ್ದಿರುವ ಭಾರ.

ಈಗ ಸಂಡೂರು ದಾಟಿ ಕುಮಾರಸ್ವಾಮಿ ದೇವಸ್ಥಾನದ ಕಡೆಗೆ ಹತ್ತುತ್ತಿದ್ದೇವೆ. ಮುಂದೆ ಲಾರಿ ಇದೆ, ಹಿಂದೆ ತಮ್ಮ ಕುಳಿತಿದ್ದಾನೆ, ಗಾಡಿ ಮೂರನೇ ಗೇರಿನಲ್ಲಿದೆ, ವೇಗ 30ರಿಂದ 25ಕ್ಕೆ ಇಳಿಯುತ್ತಿದೆ. ಈ ಸದ್ದನ್ನು ಗಮನಿಸಿ. ಎಕ್ಸಲೇಟರ್ ಮುಕ್ಕಾಲು ಭಾಗ ತೆರೆದಿದ್ದರೂ ಎಂಜಿನ್ ಗುಡುಗುಡು ಎನ್ನುತ್ತಿದೆ, ಫುಟ್‌ರೆಸ್ಟ್ ಅಂಗಾಲಿಗೆ ಬಡಿಯುತ್ತಿದೆ, ಚೈನು ಒಮ್ಮೆ ಬಿಗಿದು ಒಮ್ಮೆ ಸಡಿಲಾಗಿ ಕವರಿಗೆ ತಾಗುತ್ತಿದೆ. ನಿಮಗೆ ಕೇಳಿಸಲೆಂದೇ ಕೆಲವು ಕ್ಷಣ ಹೀಗೆ ಬಿಟ್ಟಿದ್ದೇನೆ. ಈಗ ಕ್ಲಚ್ ಹಿಡಿದು, ಎಕ್ಸಲೇಟರನ್ನು ಪೂರ್ತಿ ಮುಚ್ಚದೆ ಎರಡನೇ ಗೇರಿಗೆ ಇಳಿಸಿ, ಕ್ಲಚ್ಚನ್ನು ಮೆಲ್ಲಗೆ ಬಿಡುತ್ತೇನೆ. ಸದ್ದು ಸಣ್ಣದಾಗಿ ಏರಿತು, ಬಡಿತ ನಿಂತಿತು, ಎಕ್ಸಲೇಟರ್ ಅರ್ಧಕ್ಕೆ ಬಂದರೂ ಗಾಡಿ ಎಳೆಯುತ್ತಿದೆ. ಗೇರ್ ಇಳಿಸಿದಾಗ ಚಕ್ರದ ಒಂದು ಸುತ್ತಿಗೆ ಎಂಜಿನ್ ಹೆಚ್ಚು ಸುತ್ತು ತಿರುಗುತ್ತದೆ. ಆ ಹೆಚ್ಚುವರಿ ಸುತ್ತುಗಳ ಪ್ರಮಾಣಕ್ಕೆ ತಕ್ಕಂತೆ ಚಕ್ರಕ್ಕೆ ಸಿಗುವ ಬಲವೂ ಹೆಚ್ಚುತ್ತದೆ. ತೋರಣಗಲ್ಲಿನಲ್ಲಿ ಚೈನಿಗೆ ಎಣ್ಣೆ ಹಾಕಿಸಿಕೊಳ್ಳುವಾಗ ಗ್ಯಾರೇಜಿನ ಮೇಸ್ತ್ರಿ ಹೇಳಿದ್ದು ಇದನ್ನೇ: “ತಮ್ಮಾ, ಗಾಡಿ ಕೆಮ್ಮಿದ ಮ್ಯಾಲೆ ಗೇರ್ ಇಳಿಸೋದಲ್ಲ, ಕೆಮ್ಮೋಕಿಂತ ಮೊದ್ಲ ಇಳಿಸಬೇಕು.”

ಅವರ ಮಾತಿಗೆ ಕಾರಣವಿದೆ. ನಾಲ್ಕು ಸ್ಟ್ರೋಕಿನ ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಮಾತ್ರ ಪೆಟ್ರೋಲ್ ಉರಿಯುತ್ತದೆ. 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 25 ಸಲ, 1800ರಲ್ಲಿ ಕೇವಲ 15 ಸಲ. ಭಾರ ಹೆಚ್ಚಿದ್ದು ಸುತ್ತು ಕಡಿಮೆಯಾದಾಗ ಒಂದೊಂದು ಉರಿತವೂ ಪಿಸ್ಟನ್, ಕನೆಕ್ಟಿಂಗ್ ರಾಡು ಮತ್ತು ಅದರ ಬೇರಿಂಗಿನ ಮೇಲೆ ದೊಡ್ಡ ಪೆಟ್ಟಾಗಿ ಬೀಳುತ್ತದೆ. ಆಯಿಲ್ ಪಂಪನ್ನು ತಿರುಗಿಸುವುದೂ ಅದೇ ಎಂಜಿನ್; ಅದು ನಿಧಾನವಾದರೆ, ಎಣ್ಣೆ ಹೆಚ್ಚು ಬೇಕಾದ ಹೊತ್ತಿನಲ್ಲೇ ಕಡಿಮೆ ಹರಿಯುತ್ತದೆ. ಇದರ ಮೇಲೆ ಬಳ್ಳಾರಿ, ರಾಯಚೂರಿನ ಏಪ್ರಿಲ್–ಮೇ ತಿಂಗಳ ನಲವತ್ತು ಡಿಗ್ರಿ ದಾಟಿದ ಬಿಸಿಲು ಸೇರಿದರೆ, ಒತ್ತಡಕ್ಕೂ ಕಾವಿಗೂ ಹೆಚ್ಚು ಹೊತ್ತು ಸಿಕ್ಕ ಪೆಟ್ರೋಲ್ ಮಿಶ್ರಣದ ಒಂದು ಭಾಗ ಜ್ವಾಲೆ ತಲುಪುವ ಮೊದಲೇ ತಾನಾಗಿ ಸಿಡಿಯುತ್ತದೆ. ಟಣ್ ಟಣ್ ಎಂದು ಕೇಳುವ ಆ ನಾಕಿಂಗ್ ಮುಂದುವರಿದರೆ ಪಿಸ್ಟನ್ನಿಗೇ ಕೇಡು.

ಸದ್ದು ಏರಿದೊಡನೆ ಎಂಜಿನ್ ನರಳುತ್ತಿದೆ ಎಂದು ಹೆದರುವವರು ಬಹಳ ಮಂದಿ. 8000 ಆರ್‌ಪಿಎಂನಲ್ಲಿ ಗರಿಷ್ಠ ಶಕ್ತಿ ಕೊಡುವಂತೆ ಕಟ್ಟಿದ ಎಂಜಿನ್ನು ಏರಿನಲ್ಲಿ 5000ದಲ್ಲಿ ತಿರುಗಿದರೆ ಅದಕ್ಕೆ ಏನೂ ಆಗುವುದಿಲ್ಲ. ಎರಡನೇ ಗೇರಿನಲ್ಲೇ ಐವತ್ತು ಮುಟ್ಟಿಸಿ ಊರೆಲ್ಲ ಕೇಳುವಂತೆ ಓಡಿಸುವುದು ಬೇರೆ ಮಾತು. ಅದರಿಂದ ಪೆಟ್ರೋಲೂ ಹಾಳು, ಎಂಜಿನ್ನಿಗೆ ಕಾವೂ ಹೆಚ್ಚು.

ಭಾರವೆಂದರೆ ಗುಡ್ಡ ಮಾತ್ರವಲ್ಲ. ಆಷಾಢದಲ್ಲಿ ಕೊಪ್ಪಳದಿಂದ ಗದಗಿನ ಕಡೆ ಹೊರಟವರಿಗೆ ಇದು ಗೊತ್ತು: ರಸ್ತೆ ನುಣುಪಾಗಿ ನೇರವಾಗಿರುತ್ತದೆ, ಆದರೆ ಪಡುವಣ ಗಾಳಿ ಎದೆಗೆ ಒತ್ತುತ್ತಿರುವುದರಿಂದ 100 ಸಿಸಿ ಗಾಡಿ ಟಾಪಿನಲ್ಲಿ ಐವತ್ತನ್ನೂ ಹಿಡಿದಿಟ್ಟುಕೊಳ್ಳದು. ಅಲ್ಲಿ ಮೂರನೇ ಗೇರಿಗೆ ಇಳಿಸಿ ನಲವತ್ತೈದರಲ್ಲಿ ಹೋಗುವುದೇ ಜಾಣತನ. ಮಳೆ ಬಿದ್ದ ಎರೆಹೊಲದ ದಾರಿಯಲ್ಲಿ ಎರಡನೇ ಗೇರ್ ಹಾಕಿ, ಎಕ್ಸಲೇಟರ್ ಅಲುಗಿಸದೆ ಒಂದೇ ಹದದಲ್ಲಿ ಸಾಗಬೇಕು, ಅಷ್ಟೇ.

ಇನ್ನು ಇಳಿಜಾರು. ಹತ್ತಲು ಯಾವ ಗೇರ್ ಬೇಕಾಯಿತೋ ಇಳಿಯಲೂ ಅದೇ ಗೇರ್ ಎಂಬ ಹಳೆಯ ಚಾಲಕರ ಲೆಕ್ಕವನ್ನೇ ನಾನು ಪಾಲಿಸುತ್ತೇನೆ. ಎಕ್ಸಲೇಟರ್ ಮುಚ್ಚಿದಾಗ ಎಂಜಿನ್ನೇ ಗಾಡಿಯನ್ನು ಹಿಡಿದೆಳೆಯುವುದರಿಂದ ಡ್ರಮ್ ಬ್ರೇಕಿಗೆ ಬಿಡುವು ಸಿಗುತ್ತದೆ. ತಿರುವಿನ ಮೇಲೆ ಅದಿರಿನ ಕೆಂಪು ಧೂಳು ಹರಡಿರುತ್ತದೆ. ಅದರ ಮೇಲೆ ವೇಗದಲ್ಲಿ ಗೇರ್ ಇಳಿಸಿ ಕ್ಲಚ್ಚನ್ನು ತಟ್ಟನೆ ಬಿಟ್ಟರೆ ಹಿಂದಿನ ಚಕ್ರ ಜಾರುತ್ತದೆ. ಆದ್ದರಿಂದ ಗೇರ್ ಬದಲಾವಣೆ ತಿರುವಿಗೆ ಮೊದಲೇ ಮುಗಿದಿರಬೇಕು. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಇಳಿಯುವವರು ಇನ್ನೊಂದು ವಿಷಯ ತಿಳಿಯಬೇಕು: 2020ರ ಏಪ್ರಿಲ್ ನಂತರದ ಬಿಎಸ್ 6 (ಹೊಗೆ ಮಿತಿಯ ನಿಯಮ) ಬೈಕುಗಳಲ್ಲಿ ಹೆಚ್ಚಿನವು ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳು, ಅಂದರೆ ಪೆಟ್ರೋಲನ್ನು ಎಲೆಕ್ಟ್ರಾನಿಕ್ ಲೆಕ್ಕದಲ್ಲಿ ಸಿಂಪಡಿಸುವಂಥವು. ಇಂಥವು ಗೇರಿನಲ್ಲಿದ್ದು ಎಕ್ಸಲೇಟರ್ ಮುಚ್ಚಿಕೊಂಡು ಇಳಿಯುವಾಗ ಸಾಮಾನ್ಯವಾಗಿ ಪೆಟ್ರೋಲನ್ನೇ ನಿಲ್ಲಿಸುತ್ತವೆ. ನ್ಯೂಟ್ರಲಿನಲ್ಲಿ ಎಂಜಿನ್ ಆರದಿರಲು ಪೆಟ್ರೋಲ್ ಸುಡಲೇಬೇಕು. ಹಳೆಯ ರೀತಿಯ ಕಾರ್ಬ್ಯುರೇಟರ್ ಗಾಡಿಗೆ ಈ ಸೌಕರ್ಯವಿಲ್ಲ, ಆದರೂ ಘಾಟಿಯಲ್ಲಿ ನ್ಯೂಟ್ರಲ್ ಮಾಡುವುದು ಅದಕ್ಕೂ ಸಲ್ಲದು. ಗೆಳೆಯನ ಗಾಡಿ ಆಗಲೇ ಕೆಳಗಿನ ತಿರುವು ಮುಟ್ಟಿದೆ. ನಾವು ಎರಡನೇ ಗೇರಿನಲ್ಲೇ ಬರುತ್ತೇವೆ.