‘ಛಪಾಕ್’ ಸಿನಿಮಾದ ಆ ಯಜಮಾನಿ ಇಲ್ಲದಿದ್ದರೆ?

(ಪರದೆ ಕಪ್ಪು. ಹೊಲಿಗೆ ಮಷೀನಿನ ಸದ್ದು ಮಾತ್ರ.)

ನಮ್ಮಮ್ಮ ಟೈಲರ್. ತುಮಕೂರಿನ ಗುಬ್ಬಿ ಗೇಟ್ ಹತ್ತಿರ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಹೋದ ಭಾನುವಾರ ಅವರ ಜೊತೆ ಕೂತು ‘ಛಪಾಕ್’ ನೋಡಿದೆ. ಮುಗಿಯೋ ಹೊತ್ತಿಗೆ ನನ್ನ ಕಣ್ಣು ಒದ್ದೆಯಾಗಿತ್ತು. ಅಮ್ಮ ಅಳಲಿಲ್ಲ. “ಅಲ್ಲ ಕಣೋ, ಸರ್ಜರಿಗೆ ದುಡ್ಡು ಕೊಟ್ಟ ಆ ಯಜಮಾನಿ ಇಲ್ದೇ ಇದ್ದಿದ್ರೆ ಈ ಹುಡುಗಿ ಗತಿ ಏನಾಗ್ತಿತ್ತು?” ಅಂದರು.

ಈ ವಿಡಿಯೋ ಆ ಪ್ರಶ್ನೆಯ ಬಗ್ಗೆ.

(ಸಿನಿಮಾದ ಪೋಸ್ಟರ್.)

ನೋಡದವರಿಗೆ ಚುಟುಕಾಗಿ. 2020ರ ಜನವರಿಯಲ್ಲಿ ಬಂದ ಹಿಂದಿ ಸಿನಿಮಾ. ಮೇಘನಾ ಗುಲ್ಜಾರ್ ನಿರ್ದೇಶನ. 2005ರಲ್ಲಿ ದೆಹಲಿಯಲ್ಲಿ ಆ್ಯಸಿಡ್ ದಾಳಿಗೆ ಸಿಕ್ಕ ಲಕ್ಷ್ಮಿ ಅಗರ್‌ವಾಲ್ ಅವರ ಬದುಕಿನಿಂದ ಹುಟ್ಟಿದ ಕಥೆ. ಸಿನಿಮಾದಲ್ಲಿ ಅವಳ ಹೆಸರು ಮಾಲತಿ, ಪಾತ್ರ ಮಾಡಿದ್ದು ದೀಪಿಕಾ ಪಡುಕೋಣೆ.

ಕಥೆ ನೇರವಾಗಿ ಸಾಗುವುದಿಲ್ಲ. ಶುರುವಿನಲ್ಲೇ ಸುಟ್ಟು ವಾಸಿಯಾದ ಮುಖ ತೋರಿಸುತ್ತಾರೆ. ಅವಳು ಕೆಲಸ ಹುಡುಕುತ್ತಾಳೆ, ನಗುತ್ತಾಳೆ, ಜಗಳ ಆಡುತ್ತಾಳೆ. ನೋಡ್ತಾ ನೋಡ್ತಾ ಆ ಮುಖ ನಮಗೆ ಅಭ್ಯಾಸವಾಗಿಬಿಡುತ್ತದೆ. ದಾಳಿಯನ್ನು ಪೂರ್ತಿಯಾಗಿ ತೋರಿಸೋದು ಕೊನೆಯ ಹತ್ತಿರ. ಆಗ ಅವಳ ಹಳೇ ಮುಖ ಕಂಡರೆ ಅದೇ ಬೇರೆ ಯಾರದ್ದೋ ಅನ್ನಿಸುತ್ತೆ. ನಾನು ಅತ್ತಿದ್ದು ಅಲ್ಲೇ.

ಅಮ್ಮ ಸುಮ್ಮನಾಗಿದ್ದು ಬೇರೆ ಕಡೆ. ಮಾಲತಿ ಒಂದು ಜುಮುಕಿ ಹಿಡಿದುಕೊಂಡು ಕೂತಿರುತ್ತಾಳೆ. ಹಾಕಿಕೊಳ್ಳೋಕೆ ಕಿವಿಯೇ ಇಲ್ಲ. ಅಲ್ಲಿ ಅಮ್ಮ ಎದ್ದು ಹೋಗಿ ನೀರು ಕುಡಿದು ಬಂದರು.

ಈಗ ಯಜಮಾನಿ ವಿಷಯ. ಮಾಲತಿಯ ಅಪ್ಪ ಕೆಲಸ ಮಾಡುವ ಮನೆಯ ಶಿರಾಜ್ ಆಂಟಿ ಸರ್ಜರಿ ಖರ್ಚಿಗೆ ನಿಲ್ಲುತ್ತಾರೆ. ಒಳ್ಳೆಯವರು, ಸರಿ. ಆದರೆ ನಮ್ಮ ಕಡೆ ಪಾವಗಡದಲ್ಲೋ ಶಿರಾದಲ್ಲೋ ಕೂಲಿ ಮಾಡುವವರ ಮಗಳಿಗೆ ಹೀಗಾದರೆ ಶಿರಾಜ್ ಆಂಟಿ ಎಲ್ಲಿಂದ ಬರಬೇಕು?

(ಬೆಳಗಿನ ತುಮಕೂರು ಬಸ್ ಸ್ಟ್ಯಾಂಡ್. ಬೆಂಗಳೂರು ಬೋರ್ಡಿನ ಬಸ್.)

ಆ್ಯಸಿಡ್ ಗಾಯ ಒಂದು ಸರ್ಜರಿಗೆ ಮುಗಿಯಲ್ಲ. ತೊಡೆಯ ಚರ್ಮ ತೆಗೆದು ಮುಖಕ್ಕೋ ಕುತ್ತಿಗೆಗೋ ಹಾಕುತ್ತಾರೆ. ವಾಸಿಯಾಗುತ್ತಾ ಆಗುತ್ತಾ ಗಾಯದ ಚರ್ಮ ಬಿಗಿದುಕೊಳ್ಳುತ್ತದೆ. ಗದ್ದ ಎದೆ ಕಡೆಗೆ ಎಳೆದುಕೊಳ್ಳುತ್ತದೆ, ರೆಪ್ಪೆ ಮುಚ್ಚಲ್ಲ. ಅದನ್ನು ಬಿಡಿಸೋಕೆ ಮತ್ತೆ ಸರ್ಜರಿ. ಗಾಯದ ಗುರುತು ಉಬ್ಬದಿರಲಿ ಅಂತ ಮೈಗೆ ಅಂಟಿದ ಬಿಗಿ ಬಟ್ಟೆ ಕೊಡುತ್ತಾರೆ. ತಿಂಗಳುಗಟ್ಟಲೆ, ಹಗಲೂ ರಾತ್ರಿ ತೊಡಬೇಕು. ನಮ್ಮ ಊರಿನ ಸೆಖೆಯಲ್ಲಿ!

ಸುಟ್ಟಗಾಯಕ್ಕೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಅಂದರೆ ತುಮಕೂರಿನಿಂದಲೇ ಸುಮಾರು 70 ಕಿಲೋಮೀಟರ್. ಪಾವಗಡದವರಿಗೆ ಅದರ ಎರಡರಷ್ಟಕ್ಕಿಂತ ಜಾಸ್ತಿ. ಶಕ್ತಿ ಯೋಜನೆ ಬಂದಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಇಲ್ಲ, ಅಲ್ವಾ? ಜೊತೆಗೆ ಹೋಗೋ ಅಪ್ಪನಿಗೆ ಇದೆ. ಅವತ್ತಿನ ಕೂಲಿಯೂ ಹೋಯಿತು. ಸಿನಿಮಾದಲ್ಲಿ ಇದೆಲ್ಲ ಒಂದು ಹಾಡಿನಷ್ಟು ಹೊತ್ತು.

(ಕಡತ, ಸ್ಟಾಂಪ್, ಕೋರ್ಟಿನ ಕಾರಿಡಾರ್.)

ಹಾಗಾದರೆ ಕಾನೂನಿನಲ್ಲಿ ಯಜಮಾನಿ ಯಾರು? ಇದ್ದಾರೆ. ಲಕ್ಷ್ಮಿ ಹೋರಾಡಿದ ಕೇಸಿನಲ್ಲೇ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಸರ್ಕಾರ ಕನಿಷ್ಠ 3 ಲಕ್ಷ ಕೊಡಬೇಕು. ಅದರಲ್ಲಿ 1 ಲಕ್ಷ, ಘಟನೆ ಆದ 15 ದಿನದೊಳಗೆ. 2018ರಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಮಾಡಿದ ಯೋಜನೆಯಲ್ಲಿ, ಮುಖ ವಿರೂಪವಾದರೆ 7ರಿಂದ 8 ಲಕ್ಷ ಅಂತಿದೆ.

ಇದಕ್ಕೆ ಅರ್ಜಿ ಹಾಕೋದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ. ನೆನಪಿರಲಿ, ಕೇಸ್ ಗೆಲ್ಲೋವರೆಗೆ ಕಾಯಬೇಕಿಲ್ಲ. ಆ್ಯಸಿಡ್ ಹಾಕಿದವರು ಯಾರು ಅಂತ ಗೊತ್ತಾಗದಿದ್ದರೂ, ಅವರು ಸಿಗದಿದ್ದರೂ ಅರ್ಜಿ ಹಾಕಬಹುದು. ಹೆಂಗಸರಿಗೆ ವಕೀಲರ ಫೀಸೂ ಇಲ್ಲ, ಆದಾಯ ಎಷ್ಟೇ ಇರಲಿ. ಫೋನ್ ಮಾಡೋದಾದರೆ 15100. ಖಾಸಗಿ ಆಸ್ಪತ್ರೆ ಕೂಡ ಉಚಿತವಾಗಿ ಚಿಕಿತ್ಸೆ ಕೊಡಬೇಕು. ಆಗಲ್ಲ ಅಂತ ವಾಪಸ್ ಕಳಿಸಿದರೆ ಅದೇ ಅಪರಾಧ, ಒಂದು ವರ್ಷದವರೆಗೆ ಜೈಲು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆ್ಯಸಿಡ್ ದಾಳಿಗೆ ಸಿಕ್ಕವರನ್ನೂ ಪಟ್ಟಿಗೆ ಸೇರಿಸಿತು, ಅಂದರೆ ಸರ್ಕಾರಿ ನೌಕರಿಯಲ್ಲಿ ಮೀಸಲಾತಿಯ ದಾರಿಯೂ ಇದೆ.

ಕಾಗದದ ಮೇಲೆ ಚೆನ್ನಾಗಿದೆ. ಆದರೆ ಇದನ್ನೆಲ್ಲ ಆಸ್ಪತ್ರೆಯ ಹಾಸಿಗೆ ಪಕ್ಕ ನಿಂತ ಅಪ್ಪ ಅಮ್ಮನಿಗೆ ಹೇಳೋರು ಯಾರು? ಹೇಳಿದರೂ ಎಫ್‌ಐಆರ್ ಪ್ರತಿ, ಆಸ್ಪತ್ರೆ ಕಾಗದ, ಆಧಾರ್, ಪಾಸ್‌ಬುಕ್ ಹಿಡಿದು ಓಡಾಡಬೇಕು. ಹೆಬ್ಬೆರಳು ಸುಟ್ಟಿದ್ದರೆ ಬ್ಯಾಂಕಿನ ಬೆರಳಚ್ಚು ಮಷೀನಿನ ಮುಂದೆ ಏನು ಮಾಡೋದು, ಯೋಚಿಸಿ. ‘ಛಪಾಕ್’ ಕೋರ್ಟಿಗೂ ವಕೀಲೆಗೂ ಜಾಗ ಕೊಟ್ಟಿದೆ, ಅದು ನನಗೆ ಇಷ್ಟವಾಯಿತು. ತಮಾಷೆ ಅಂದರೆ, ನಿಜವಾದ ಕೇಸ್ ನಡೆಸಿದ ವಕೀಲೆ ಅಪರ್ಣಾ ಭಟ್ ತಮ್ಮ ಹೆಸರು ಸಿನಿಮಾದಲ್ಲಿ ಬರಲಿ ಅಂತ ತಾವೇ ಕೋರ್ಟಿಗೆ ಹೋಗಬೇಕಾಯಿತು!

ಇದೇ ವಿಷಯಕ್ಕೆ 2019ರಲ್ಲಿ ಮಲಯಾಳಂನಲ್ಲಿ ‘ಉಯರೆ’ ಬಂದಿತ್ತು. ಪಾರ್ವತಿ ಅದರಲ್ಲಿ ಪೈಲಟ್ ಆಗಹೊರಟ ಹುಡುಗಿ. ಕಣ್ಣು ಕೆಟ್ಟು ಲೈಸೆನ್ಸ್ ಹೋಗುತ್ತದೆ, ಗಗನಸಖಿ ಆಗಿ ಮತ್ತೆ ವಿಮಾನ ಹತ್ತುತ್ತಾಳೆ. ಕೊನೆ ಸ್ವಲ್ಪ ಜಾಸ್ತಿಯೇ ಸಿನಿಮೀಯ. ಆದರೂ ದಾಳಿಗೆ ಮುಂಚೆ, ಅವಳ ಮೇಲೆ ಆ್ಯಸಿಡ್ ಹಾಕುವ ಪ್ರೇಮಿಯ ಅನುಮಾನ, ಬಟ್ಟೆ ಬಗ್ಗೆ ಅವನ ಕಾಟ ತೋರಿಸಿರೋದು ‘ಛಪಾಕ್’ಗಿಂತ ಚೆನ್ನಾಗಿದೆ. ಅದನ್ನು ಇನ್ನೊಂದು ವಿಡಿಯೋದಲ್ಲಿ ಮಾತಾಡೋಣ.

(ಮತ್ತೆ ಹೊಲಿಗೆ ಮಷೀನು. ಅಮ್ಮನ ಕೈ ಮಾತ್ರ ಕಾಣುತ್ತದೆ.)

ಸೋಮವಾರ ಬೆಳಿಗ್ಗೆ ಅಮ್ಮ ಯಾರದ್ದೋ ಬ್ಲೌಸ್ ಕತ್ತರಿಸುತ್ತಿದ್ದರು. ಇದ್ದಕ್ಕಿದ್ದ ಹಾಗೆ ಕತ್ತರಿ ಕೆಳಗಿಟ್ಟರು. “ಲೋ, ಕುತ್ತಿಗೆ ಹತ್ರ ಚರ್ಮ ಎಳೆದುಕೊಂಡಿದ್ರೆ ತಲೆ ಮೇಲಿಂದ ಕುರ್ತಾ ಹಾಕ್ಕೊಳೋಕೆ ಆಗಲ್ಲ ಅಲ್ವಾ?” ಆಗಲ್ಲ ಅಂದೆ. “ಮುಂದುಗಡೆ ಪೂರ್ತಿ ಬಟನ್ ಇಡಬೇಕು. ಕಂಕುಳಲ್ಲಿ ಎರಡಿಂಚು ಜಾಸ್ತಿ ಬಿಡಬೇಕು. ಕಾಲರ್ ಬೇಡ, ಉಜ್ಜುತ್ತೆ.”

ಸೀಮೆಸುಣ್ಣ ತಗೊಂಡು ಹಳೇ ಪೇಪರ್ ಮೇಲೆ ಗೀಟು ಹಾಕೋಕೆ ಶುರು ಮಾಡಿದರು.